'ಸ್ಟುಪಿಡಿಟಿ' ಕೇಳೋದು ಹೇಗೆ? ವಿಲ್ಕೊ ಜಾನ್ಸನ್ ಬಲಗೈಯಿಂದ ಶುರು ಮಾಡಿ

ಪ್ರಶ್ನೆ: ಸರ್, ನನಗೆ ಕ್ಲ್ಯಾಶ್, ರಮೋನ್ಸ್, ಸೆಕ್ಸ್ ಪಿಸ್ಟಲ್ಸ್ ಥರದ ಪಂಕ್ ರಾಕ್ ತಂಡಗಳು ಅಂದ್ರೆ ಪ್ರಾಣ. ಗಿಟಾರ್ ಕೂಡ ಸ್ವಲ್ಪ ನುಡಿಸುತ್ತೇನೆ. ಇಂಗ್ಲೆಂಡಿನಲ್ಲಿ ಪಂಕ್‌ಗೆ ದಾರಿ ಮಾಡಿಕೊಟ್ಟ ಪಬ್ ರಾಕ್ (ಪಬ್‌ಗಳಲ್ಲಿ ನುಡಿಸುತ್ತಿದ್ದ ಸರಳ ರಾಕ್) ಆಲ್ಬಂ ಅಂತ ಡಾಕ್ಟರ್ ಫೀಲ್‌ಗುಡ್ ತಂಡದ 1976ರ 'ಸ್ಟುಪಿಡಿಟಿ' ಹೆಸರು ಪದೇಪದೇ ಕಣ್ಣಿಗೆ ಬೀಳುತ್ತೆ. ಕೇಳಿದೆ. ಹಳೇ ಬ್ಲೂಸು, ಹಳೇ ರಾಕ್ ಅಂಡ್ ರೋಲು. ಅರ್ಧ ಹಾಡು ಬೇರೆಯವರದ್ದು. ಎಲ್ಲಾ ಒಂದೇ ಥರ ಕೇಳಿಸ್ತು. ಇದರಲ್ಲಿ ಅಂಥಾದ್ದೇನಿದೆ? ಇದನ್ನ ಹೇಗೆ ಕೇಳಬೇಕು?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. 'ಸ್ಟುಪಿಡಿಟಿ'ಯಲ್ಲಿ ಇರುವುದು ಹಳೇ ಸಂಗೀತವೇ. 13 ಹಾಡುಗಳಲ್ಲಿ 6 ಬೇರೆಯವರವು. ಚಕ್ ಬೆರಿ, ಸಾಲೊಮನ್ ಬರ್ಕ್, ಬೋ ಡಿಡ್ಲಿ, ರೂಫಸ್ ಥಾಮಸ್, ಸನ್ನಿ ಬಾಯ್ ವಿಲಿಯಮ್ಸನ್ ಅವರ ಹಾಡುಗಳ ಜೊತೆಗೆ ಕೋಸ್ಟರ್ಸ್ ತಂಡ ಹಾಡಿದ್ದ ಇನ್ನೊಂದು. ಉಳಿದ 7 ಹಾಡುಗಳನ್ನು ಬರೆದದ್ದು ತಂಡದ ಗಿಟಾರಿಸ್ಟ್ ವಿಲ್ಕೊ ಜಾನ್ಸನ್ (ಒಂದನ್ನು ಮಾತ್ರ ಇನ್ನೊಬ್ಬರ ಜೊತೆ ಸೇರಿ), ಅವುಗಳ ಜಾಡೂ ಅದೇ. ಹೊಸ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇಲ್ಲ, ಹೊಸ ತಾಳ ಇಲ್ಲ, ಸ್ಟುಡಿಯೋ ಚಮತ್ಕಾರ ಇಲ್ಲ. ಹೀಗಿದ್ದರೂ ಆ ವರ್ಷಗಳಲ್ಲಿ ಇಂಗ್ಲೆಂಡಿನಿಂದ ಬಂದ ಲೈವ್ ಆಲ್ಬಂಗಳಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಯಾಕೆ ಅಂತ ಹೇಳೋಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ.

ಹೆಡ್‌ಫೋನ್ ಹಾಕಿಕೊಳ್ಳಿ. ಎಲ್‌ಪಿ ತಟ್ಟೆಯ ಮೊದಲ ಬದಿಯ ಕೊನೇ ಹಾಡು 'ಶಿ ಡಸ್ ಇಟ್ ರೈಟ್' ಹಾಕಿ. ಹಾಡುಗಾರನ ಕಡೆ ಗಮನ ಕೊಡಬೇಡಿ, ಸಾಹಿತ್ಯದ ಕಡೆಯೂ ಬೇಡ. ಗಿಟಾರ್ ಮಾತ್ರ ಕೇಳಿ. ಎಷ್ಟು ಜನ ನುಡಿಸುತ್ತಿದ್ದಾರೆ ಹೇಳಿ ನೋಡೋಣ? ತಾಳ ಹಿಡಿದು ಕಾರ್ಡ್ ಬಾರಿಸುವವನು ಒಬ್ಬ, ಮಧ್ಯೆ ಮಧ್ಯೆ ಚುರುಕಾಗಿ ಸಣ್ಣ ಸಣ್ಣ ತುಣುಕು ಎಸೆಯುವವನು ಇನ್ನೊಬ್ಬ ಅನ್ನಿಸುತ್ತೆ, ಅಲ್ವಾ? ಇರುವುದು ಒಬ್ಬನೇ. ಒಂದೇ ಗಿಟಾರು. ಮೇಲೆ ಇನ್ನೊಂದು ಪದರ ಸೇರಿಸಿಲ್ಲ. ಸದ್ದು ಬದಲಿಸುವ ಪೆಡಲ್ ಇಲ್ಲ. ಆಶ್ಚರ್ಯ ಅನ್ನಿಸಿದರೆ ಹಿಂದಕ್ಕೆ ಹೋಗಿ ಮತ್ತೆ ಕೇಳಿ.

ಈ ಆಲ್ಬಂನ ಜೀವ ಇರುವುದು ವಿಲ್ಕೊನ ಬಲಗೈಯಲ್ಲಿ. ಆತ ಪಿಕ್ (ತಂತಿ ಮೀಟುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ) ಬಳಸುತ್ತಿರಲಿಲ್ಲ. ಬರೀ ಬೆರಳು, ಉಗುರು. ಹುಟ್ಟು ಎಡಚ, ಆದರೆ ಗಿಟಾರ್ ಕಲಿತದ್ದು ಬಲಗೈಯಲ್ಲಿ. ಕೈಯಲ್ಲಿ ಕಪ್ಪು ಬಣ್ಣದ ಫೆಂಡರ್ ಟೆಲಿಕಾಸ್ಟರ್, ಅದರ ಮೇಲೆ ಕೆಂಪು ಸ್ಕ್ರ್ಯಾಚ್‌ಪ್ಲೇಟ್. ಆ ಕಾಲದ ಉಳಿದ ಗಿಟಾರಿಸ್ಟುಗಳು ವಾಲ್ವ್ ಆಂಪ್ಲಿಫೈಯರಿನ ಬಿಸಿ ಬಿಸಿ ಗರಗರ ಸದ್ದಿನ ಹಿಂದೆ ಬಿದ್ದಿದ್ದಾಗ ಇವನು ಎಚ್‌ಎಚ್ ಕಂಪನಿಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ನೇರ ತಂತಿ ಸಿಕ್ಕಿಸಿ ನುಡಿಸುತ್ತಿದ್ದ. ಅದರಿಂದ ಬರುವ ಸದ್ದು ಒಣ, ಚೂಪು, ನೀಟು. ಅಂಥ ಸದ್ದಿನಲ್ಲಿ ತಪ್ಪು ಮುಚ್ಚಿಡೋಕೆ ಜಾಗ ಇರುವುದಿಲ್ಲ. ಒಂದು ಏಟು ಕೂದಲೆಳೆ ತಡವಾದರೂ ಗೊತ್ತಾಗುತ್ತೆ.

ಈಗ ಎಡಗೈ ಏನು ಮಾಡುತ್ತಿದೆ ನೋಡಿ. ಹೆಬ್ಬೆರಳನ್ನು ಗಿಟಾರಿನ ಕುತ್ತಿಗೆಯ ಮೇಲಿಂದ ಬಳಸಿ ಕೆಳಗಿನ ಸ್ವರ ಹಿಡಿಯುವುದು, ಉಳಿದ ಬೆರಳುಗಳಿಂದ ಕಾರ್ಡ್. ಬಲಗೈ ನಿಲ್ಲುವುದೇ ಇಲ್ಲ, ಮೇಲೆ ಕೆಳಗೆ ಒಂದೇ ಸಮ ಓಡುತ್ತಲೇ ಇರುತ್ತೆ. ಆದರೆ ಪ್ರತಿ ಏಟಿಗೂ ಸ್ವರ ಹೊರಡುವುದಿಲ್ಲ. ಬೇಕಾದಾಗ ಎಡಗೈ ಬೆರಳು ಒತ್ತುತ್ತೆ, ಕಾರ್ಡ್ ಸಿಡಿಯುತ್ತೆ. ಬೇಡ ಅಂದಾಗ ಬೆರಳು ಸಡಿಲ ಆಗುತ್ತೆ, ತಂತಿ ಮೇಲೆ ಸುಮ್ನೆ ಕೂತಿರುತ್ತೆ. ಆಗ ಬಲಗೈ ಹೊಡೆದರೆ ಸ್ವರದ ಬದಲು 'ಚಕ್' ಅಂತ ಒಂದು ಏಟು ಮಾತ್ರ. ತಮಟೆ ಬಾರಿಸುವವರನ್ನು ಹತ್ತಿರದಿಂದ ನೋಡಿದ್ದರೆ ನಿಮಗೆ ತಟ್ಟನೆ ಅರ್ಥವಾಗುತ್ತೆ: ದಪ್ಪ ಕೋಲು ಮುಖ್ಯ ಏಟು ಹಾಕುತ್ತಿದ್ದರೆ ತೆಳು ಕೋಲು ಮಧ್ಯದ ಸಂದಿಗಳನ್ನು ತುಂಬುತ್ತಾ ಹೋಗುತ್ತೆ. ವಿಲ್ಕೊ ಈ ಎರಡೂ ಕೆಲಸವನ್ನು ಒಂದೇ ಕೈಯಲ್ಲಿ ಮಾಡುತ್ತಿದ್ದ. ಸೋಲೊ ಬಂದಾಗಲೂ ಅಷ್ಟೆ. ಸಾಮಾನ್ಯವಾಗಿ ಒಂದೇ ಗಿಟಾರ್ ಇರುವ ತಂಡದಲ್ಲಿ ಸೋಲೊ ಶುರುವಾದ ಕೂಡಲೇ ಕೆಳಗಿನ ನೆಲ ಕುಸಿದ ಹಾಗೆ ಆಗುತ್ತೆ, ತಾಳದ ಗಿಟಾರ್ ಮಾಯ. ಇಲ್ಲಿ ಹಾಗಾಗುವುದಿಲ್ಲ. ತಾಳ ಬಿಡದೇ ಅದರೊಳಗಿನಿಂದಲೇ ಸೋಲೊ ಎದ್ದು ಬರುತ್ತೆ.

ಇದು ಅವನು ಹುಟ್ಟು ಹಾಕಿದ ರೀತಿ ಏನಲ್ಲ, ಅದನ್ನು ಅವನೇ ಬಾಯ್ತುಂಬಾ ಹೇಳುತ್ತಿದ್ದ. ಅವನ ಗುರು ಮಿಕ್ ಗ್ರೀನ್, ಜಾನಿ ಕಿಡ್ ಅಂಡ್ ದಿ ಪೈರೇಟ್ಸ್ ತಂಡದ ಗಿಟಾರಿಸ್ಟ್. ಡಾಕ್ಟರ್ ಫೀಲ್‌ಗುಡ್ ಅನ್ನುವ ಹೆಸರು ಸಿಕ್ಕಿದ್ದೂ ಆ ತಂಡ ಹಾಡಿದ್ದ ಒಂದು ಹಾಡಿನಿಂದಲೇ. 'ಸ್ಟುಪಿಡಿಟಿ'ಯ ಎರಡನೇ ಬದಿ ಶುರುವಾಗುವ 'ಗೋಯಿಂಗ್ ಬ್ಯಾಕ್ ಹೋಮ್' ವಿಲ್ಕೊ ಮತ್ತು ಮಿಕ್ ಗ್ರೀನ್ ಸೇರಿ ಬರೆದ ಹಾಡು. ಹುಡುಗನಾಗಿದ್ದಾಗ ಯಾರ ಕೈ ನೋಡಿ ಕಲಿತನೋ ಅವರ ಜೊತೆಗೇ ಹಾಡು ಬರೆದಿದ್ದಾನೆ, ಎಂಥ ಸಂತೋಷ ಆಗಿರಬೇಕು ಅಲ್ವಾ.

ವಿಲ್ಕೊ ಬಗ್ಗೆಯೇ ಹೇಳುತ್ತಾ ಹೋದರೆ ಉಳಿದವರಿಗೆ ಅನ್ಯಾಯ ಆಗುತ್ತೆ. ಬಾಸ್ ಗಿಟಾರ್ ಹಿಡಿದ ಜಾನ್ ಬಿ. ಸ್ಪಾರ್ಕ್ಸ್, ಡ್ರಮ್ಸ್ ಮೇಲೆ ಬಿಗ್ ಫಿಗರ್ ಅಂತಲೇ ಎಲ್ಲರೂ ಕರೆಯುವ ಜಾನ್ ಮಾರ್ಟಿನ್. ಇಬ್ಬರೂ ಇಡೀ ಆಲ್ಬಂನಲ್ಲಿ ಒಂದು ಸಲವೂ ಮುಂದೆ ಬಂದು ನಿಲ್ಲುವುದಿಲ್ಲ. ವಿಲ್ಕೊ ಹಾಗೆ ಗಾಳಿಯಲ್ಲಿ ಕತ್ತಿ ಬೀಸಿದಂತೆ ನುಡಿಸಬೇಕಾದರೆ ಕೆಳಗೆ ಯಾರಾದರೂ ಅಲ್ಲಾಡದೇ ನಿಂತಿರಬೇಕು. ಇವರು ನಿಂತರು. ಎರಡನೇ ಸಲ ಕೇಳುವಾಗ ಗಿಟಾರ್ ಬಿಟ್ಟು ಇವರಿಬ್ಬರನ್ನೇ ಕೇಳಿ. ಬಾಸ್ ಎಷ್ಟು ಕಡಿಮೆ ನುಡಿಸುತ್ತೆ ನೋಡಿ. ಬಿಗ್ ಫಿಗರ್ ಎಲ್ಲಿ ಹೊಡೆಯುತ್ತಿಲ್ಲ ಅನ್ನುವುದನ್ನು ಗಮನಿಸಿ. ನೀವು 'ಎಲ್ಲಾ ಒಂದೇ ಥರ' ಅಂದದ್ದು ಇದನ್ನೇ ಇರಬೇಕು. ಆ ಒಂದೇ ಥರವನ್ನು 13 ಹಾಡಿನ ಉದ್ದಕ್ಕೂ ಒಂದು ಚೂರೂ ಸಡಿಲ ಆಗದ ಹಾಗೆ ಹಿಡಿಯುವುದಿದೆಯಲ್ಲ, ಅದು ಬಹಳ ಕಷ್ಟದ ಕೆಲಸ. ನೀವೂ ನುಡಿಸುವವರು, ನಿಮಗೇ ಗೊತ್ತಿರುತ್ತೆ.

ಇನ್ನು ಲೀ ಬ್ರಿಲೋ. ಹಾಡುಗಾರ, ಮೌತ್ ಆರ್ಗನ್ ನುಡಿಸುವವನೂ ಅವನೇ. ಸಿಹಿ ಕಂಠ ಅಲ್ಲ. ಒರಟು, ಎದೆಯಿಂದ ಬರುವ ಗದರಿಕೆ. ಆದರೆ ಇಂಗ್ಲೆಂಡಿನ ಬೇರೆ ಎಷ್ಟೋ ಬ್ಲೂಸ್ ಹಾಡುಗಾರರ ಹಾಗೆ ಅಮೆರಿಕದ ಮುದುಕನಂತೆ ಹಾಡಲು ಹೋಗಲಿಲ್ಲ. ತನ್ನ ವಯಸ್ಸಿನ, ತನ್ನ ಊರಿನ ಸಿಟ್ಟುಗಾರ ಹುಡುಗನ ಹಾಗೆ ಹಾಡಿದ. 'ಐಯಾಮ್ ಎ ಮ್ಯಾನ್' ಕೇಳಿ. ಬೋ ಡಿಡ್ಲಿಯ ಹಾಡಿನಲ್ಲಿ ಒಂದು ಠೇಂಕಾರ ಇದೆ, ನಾನು ಯಾರು ಗೊತ್ತಾ ಅನ್ನುವ ಗತ್ತು. ಬ್ರಿಲೋ ಅದನ್ನು ಹಾಡಿದಾಗ ಬೆದರಿಕೆ ಕೇಳಿಸುತ್ತೆ. ಮೌತ್ ಆರ್ಗನ್ ಕೂಡ ಹಾಗೇ, ಅಲಂಕಾರಕ್ಕೆ ಬರುವುದಿಲ್ಲ, ಗಿಟಾರಿನ ಜೊತೆ ಜಗಳಕ್ಕೆ ಬರುತ್ತೆ. ಈ ಇಬ್ಬರ ಮಧ್ಯೆ ಎಳೆದು ಕಟ್ಟಿದ ತಂತಿಯಂಥ ಬಿಗುವೇ ಈ ತಂಡದ ಎರಡನೇ ಗುಟ್ಟು.

ನೋಡದೆ ಪೂರ್ತಿ ಅರ್ಥವಾಗುವುದು ಕಷ್ಟ ಅಂತಲೂ ಹೇಳಬೇಕು. ಎರಡನೇ ಬದಿಯ ಹಾಡುಗಳು 1975ರ ನವೆಂಬರಿನಲ್ಲಿ ಸೌತ್‌ಎಂಡ್ ಊರಿನ ಕುರ್ಸಾಲ್ ಸಭಾಂಗಣದಲ್ಲಿ ರೆಕಾರ್ಡ್ ಆದವು. ಆ ಕಾರ್ಯಕ್ರಮವನ್ನು ಕ್ಯಾಮೆರಾದಲ್ಲೂ ಹಿಡಿದಿದ್ದಾರೆ, 'ಗೋಯಿಂಗ್ ಬ್ಯಾಕ್ ಹೋಮ್' ಹೆಸರಿನಲ್ಲಿ ಡಿವಿಡಿ ಬಂದಿದೆ. ಹುಡುಕಿ ನೋಡಿ. ವಿಲ್ಕೊ ಕಪ್ಪು ಸೂಟಿನಲ್ಲಿ, ಕಣ್ಣು ಮಿಟುಕಿಸದೇ ದಿಟ್ಟಿಸುತ್ತಾ, ಹಳಿ ಮೇಲೆ ನಿಂತವನ ಹಾಗೆ ಮುಂದಕ್ಕೂ ಹಿಂದಕ್ಕೂ ಸರ್ರನೆ ಓಡಾಡುತ್ತಾನೆ. ಗಿಟಾರಿನ ಸುರುಳಿ ಕೇಬಲ್ ಹಿಂದೆ ಎಳೆದುಕೊಂಡು ಬರುತ್ತೆ. ಒಮ್ಮೊಮ್ಮೆ ಗಿಟಾರನ್ನು ಭುಜಕ್ಕೆತ್ತಿ ಜನರ ಕಡೆಗೆ ಮಷಿನ್ ಗನ್ ಹಿಡಿದ ಹಾಗೆ ತಿರುಗಿಸುತ್ತಾನೆ. ನಡುವೆ ಬ್ರಿಲೋ, ಬೆವರಿಗೆ ಕೊಳೆಯಾದ ಬಿಳಿ ಸೂಟು, ಬಿಗಿ ಹಿಡಿದ ಮುಷ್ಟಿ, ಕದಲದ ಕಾಲು. 1975ರ ರಾಕ್ ತಂಡಗಳ ಉದ್ದ ಕೂದಲು, ಮಿರಿಮಿರಿ ಬಟ್ಟೆ ನೆನಪಿಸಿಕೊಂಡು ಇವರನ್ನು ನೋಡಿ. ಯಾವುದೋ ಕಳ್ಳಸಾಗಣೆ ಗುಂಪಿನ ಹುಡುಗರು ವೇದಿಕೆ ಹತ್ತಿ ಬಂದ ಹಾಗಿದೆ.

ಈಗ ಆ ಕಾಲದ ಬಗ್ಗೆ ಸ್ವಲ್ಪ. ಪಬ್ ರಾಕ್ ಅಂದಾಗ ನಮ್ಮ ಬೆಂಗಳೂರಿನ ಪಬ್‌ಗಳನ್ನು ಕಣ್ಮುಂದೆ ತಂದುಕೊಳ್ಳಬೇಡಿ. ಲಂಡನ್ನಿನ ಬೀದಿ ಬೀದಿಯಲ್ಲೂ ಇರುವ, ಕೆಲಸ ಮುಗಿಸಿ ಬಂದವರು ಒಂದು ಗ್ಲಾಸ್ ಬಿಯರ್ ಹಿಡಿದು ನಿಲ್ಲುವ ಸಾಧಾರಣ ಜಾಗಗಳು ಅವು. ಮೂಲೆಯಲ್ಲೋ ನೆಲಮಾಳಿಗೆಯಲ್ಲೋ ಒಂದು ಪುಟ್ಟ ವೇದಿಕೆ. 1971ರಲ್ಲಿ ಎಗ್ಸ್ ಓವರ್ ಈಸಿ ಅನ್ನುವ ಅಮೆರಿಕದ ತಂಡ ಕೆಂಟಿಶ್ ಟೌನ್‌ನ ಟ್ಯಾಲಿ ಹೋ ಪಬ್‌ನಲ್ಲಿ ವಾರ ವಾರ ನುಡಿಸೋಕೆ ಶುರು ಮಾಡಿದ್ದೇ ಇದರ ಮೊದಲು. ಅದನ್ನು ನೋಡಿದ ಬ್ರಿನ್ಸ್‌ಲೀ ಶ್ವಾರ್ಟ್ಜ್ ಮುಂತಾದ ತಂಡಗಳು ಹಿಂದೆಯೇ ಬಂದವು. ಇಸ್ಲಿಂಗ್ಟನ್‌ನ ಹೋಪ್ ಅಂಡ್ ಆಂಕರ್, ವೆಸ್ಟ್ ಕೆನ್ಸಿಂಗ್ಟನ್‌ನ ನ್ಯಾಶ್‌ವಿಲ್ ಹೀಗೆ ಒಂದೊಂದೇ ಜಾಗ ಸೇರಿಕೊಂಡವು. ಡಾಕ್ಟರ್ ಫೀಲ್‌ಗುಡ್ ಲಂಡನ್ ಪಬ್‌ಗಳಿಗೆ ಬಂದದ್ದು 1973ರಲ್ಲಿ.

ಅದೇ ವರ್ಷ ಯೆಸ್ ಅನ್ನುವ ದೊಡ್ಡ ತಂಡ ಎರಡು ತಟ್ಟೆಯ ಆಲ್ಬಂ ಹೊರತಂದಿತ್ತು. ಅದರಲ್ಲಿದ್ದದ್ದು ಒಟ್ಟು ನಾಲ್ಕೇ ಹಾಡು, ಒಂದೊಂದು ಬದಿಗೆ ಒಂದೊಂದು. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ ಓದಿ ಹೊಳೆದ ವಿಷಯ ಅದು. ನನಗೆ ಯೆಸ್ ಬಗ್ಗೆ ದ್ವೇಷ ಇಲ್ಲ, ಒಳ್ಳೇ ವಾದ್ಯಗಾರರು. ಆದರೆ ಆಗ ರಾಕ್ ಸಂಗೀತ ಎಷ್ಟು ದೂರ ಹೋಗಿಬಿಟ್ಟಿತ್ತು ಅಂತ ಯೋಚಿಸಿ. ದೊಡ್ಡ ದೊಡ್ಡ ಸಭಾಂಗಣ, ಲಾರಿಗಟ್ಟಲೆ ಸಲಕರಣೆ, ನೋಡುವವನಿಂದ ನೂರು ಅಡಿ ಆಚೆ ನಿಂತ ಕಲಾವಿದ. ಹೊರಗೆ ನೋಡಿದರೆ 1974ರ ಮೊದಲ ತಿಂಗಳುಗಳಲ್ಲಿ ಕರೆಂಟು ಉಳಿಸೋಕೆ ಅಂತ ಬ್ರಿಟನ್ನಿನ ಕಾರ್ಖಾನೆಗಳಿಗೆ ವಾರದಲ್ಲಿ ಮೂರೇ ದಿನ ವಿದ್ಯುತ್ ಕೊಡುತ್ತಿದ್ದರು. ಹದಿನೆಂಟು ವರ್ಷದ ಹುಡುಗನಿಗೆ ತನ್ನ ಬೀದಿಯ ಪಬ್‌ನಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಮೂರು ನಿಮಿಷದ ಹಾಡನ್ನು ಹಲ್ಲು ಕಚ್ಚಿ ನುಡಿಸುವ ನಾಲ್ವರು ಸಿಕ್ಕಿದರೆ ಏನಾಗಬಹುದು? ಅದೇ ಆಯಿತು.

ಆದರೂ ಡಾಕ್ಟರ್ ಫೀಲ್‌ಗುಡ್ ಉಳಿದ ಪಬ್ ರಾಕ್ ತಂಡಗಳ ಥರ ಇರಲಿಲ್ಲ. ಬಹಳಷ್ಟು ತಂಡಗಳು ಕಂಟ್ರಿ, ಫಂಕ್, ಸೋಲ್ ಎಲ್ಲ ಬೆರೆಸಿ ಹಿತವಾಗಿ ನುಡಿಸುತ್ತಿದ್ದವು, ಕೇಳುತ್ತಾ ಕುಡಿಯುತ್ತಾ ಮಾತಾಡಿಕೊಂಡಿರಬಹುದಾಗಿತ್ತು. ಇವರ ಎದುರು ಮಾತಾಡಿಕೊಂಡಿರುವುದು ಸಾಧ್ಯವಿರಲಿಲ್ಲ. ಅದಕ್ಕೆ ಇವರ ಊರೂ ಒಂದು ಕಾರಣ ಅಂತ ನಾನು ನಂಬಿದ್ದೇನೆ.

ಊರು ಕ್ಯಾನ್ವೀ ಐಲೆಂಡ್. ಲಂಡನ್ನಿನ ಪೂರ್ವಕ್ಕೆ, ಎಸೆಕ್ಸ್ ಕೌಂಟಿಯಲ್ಲಿ, ಥೇಮ್ಸ್ ನದಿ ಸಮುದ್ರ ಸೇರುವ ಅಗಲ ಬಾಯಿಯಲ್ಲಿರುವ ತಗ್ಗು ದ್ವೀಪ. ನೆಲ ಸಮುದ್ರದ ಭರತದ ಮಟ್ಟಕ್ಕಿಂತ ಕೆಳಗೆ, ಸುತ್ತ ಗೋಡೆ ಕಟ್ಟಿ ನೀರು ತಡೆದಿದ್ದಾರೆ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಆ ಗೋಡೆ ಒಡೆಯಿತು. ಈ ಸಣ್ಣ ಊರೊಂದರಲ್ಲೇ 50ಕ್ಕೂ ಹೆಚ್ಚು ಜನ ಸತ್ತರು. ವಿಲ್ಕೊಗೆ ಆಗ ಐದು ವರ್ಷ. ಊರಿನ ಅಂಚಿಗೆ ತೈಲ ಟ್ಯಾಂಕುಗಳು, ಗ್ಯಾಸ್ ಟರ್ಮಿನಲ್ಲು, ಪಕ್ಕದಲ್ಲೇ ರಿಫೈನರಿಗಳು. ದ್ರವರೂಪದ ನೈಸರ್ಗಿಕ ಅನಿಲವನ್ನು ಹಡಗಿನಲ್ಲಿ ಸಮುದ್ರ ದಾಟಿಸಿ ತಂದ ಮೊಟ್ಟಮೊದಲ ಸರಕು, 1959ರಲ್ಲಿ, ಇಳಿದದ್ದು ಇಲ್ಲೇ. ರಾತ್ರಿ ಹೊತ್ತು ಚಿಮಣಿಗಳ ತುದಿಯಲ್ಲಿ ಬೆಂಕಿ ಉರಿಯುತ್ತಿರುತ್ತಿತ್ತು. ಮೊದಲ ಬದಿಯ 'ಆಲ್ ಥ್ರೂ ದಿ ಸಿಟಿ' ಹಾಡಿನಲ್ಲಿ ವಿಲ್ಕೊ ಬರೆದದ್ದು ಆ ಉರಿಯುವ ಗೋಪುರಗಳನ್ನೇ. ಮಿಸಿಸಿಪ್ಪಿಯ ಹತ್ತಿ ಹೊಲದ ಬಗ್ಗೆ ತನಗೆ ಗೊತ್ತಿಲ್ಲದ್ದನ್ನು ಬರೆಯೋಕೆ ಹೋಗಲಿಲ್ಲ. ಕಿಟಕಿಯಿಂದ ಕಂಡದ್ದನ್ನು ಬರೆದ. ಬ್ಲೂಸ್ ಹುಟ್ಟಿದ ಮಿಸಿಸಿಪ್ಪಿ ಡೆಲ್ಟಾದ ಹಾಗೆ ತಮ್ಮದು ಥೇಮ್ಸ್ ಡೆಲ್ಟಾ ಅಂತ ಹೆಮ್ಮೆಯಿಂದ ಹೇಳಿಕೊಂಡರು.

ವಿಲ್ಕೊ ಓದಿದವನು ಅನ್ನುವುದನ್ನೂ ಮರೆಯಬಾರದು. ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ, ಹಳೇ ಐಸ್‌ಲ್ಯಾಂಡಿನ ವೀರಗಾಥೆಗಳನ್ನೂ ಓದಿದ. ಡಿಗ್ರಿ ಮುಗಿದ ಮೇಲೆ ರಸ್ತೆ ಹಿಡಿದು ಭಾರತದವರೆಗೂ ಬಂದು ಹೋದ. ಸ್ವಲ್ಪ ದಿನ ಮೇಷ್ಟ್ರ ಕೆಲಸವನ್ನೂ ಮಾಡಿದ. ಇಷ್ಟೆಲ್ಲ ತಲೆಯಲ್ಲಿದ್ದವನು ಹಾಡು ಬರೆಯುವಾಗ ಬಳಸಿದ್ದು ಬೀದಿಯಲ್ಲಿ ಯಾರಾದರೂ ಆಡುವ ಮಾತುಗಳನ್ನೇ. 'ರಾಕ್ಸೆಟ್' ತೆಗೆದುಕೊಳ್ಳಿ. ನಿನ್ನನ್ನು ಇನ್ನೊಬ್ಬನ ಜೊತೆ ನೋಡಿದೆ, ಯಾರವನು ಅಂತ ಕೇಳುವ ಪ್ರೇಮಿ. ವಿಷಯ ಅಷ್ಟೇ. ಅವಳು ಉತ್ತರ ಕೊಡುವುದಿಲ್ಲ, ಹಾಡಿನಲ್ಲಿ ಅತ್ತು ಕರೆದು ಏನೂ ಇಲ್ಲ. ಸಂಶಯ ಹತ್ತಿದವನು ಒಂದೇ ಮಾತನ್ನು ತಲೆಯಲ್ಲಿ ತಿರುಗಿಸುತ್ತಿರುತ್ತಾನಲ್ಲ, ಗಿಟಾರ್ ಹಾಗೆ ಅದೇ ಜಾಗಕ್ಕೆ ಬಂದು ಬಂದು ಕುಟ್ಟುತ್ತೆ. ಆಲ್ಬಂ ಮುಗಿಯುವುದು ಈ ಹಾಡಿನಿಂದ. ನಿಮಗೆ ಸ್ವೀಡನ್ನಿನ ರಾಕ್ಸೆಟ್ ಜೋಡಿ ಗೊತ್ತಿರಬಹುದು, 90ರ ದಶಕದಲ್ಲಿ ನಮ್ಮಲ್ಲೂ ಕ್ಯಾಸೆಟ್ ಅಂಗಡಿಗಳಲ್ಲಿ ಸಿಗುತ್ತಿದ್ದವರು. ಅವರು ಹೆಸರು ತೆಗೆದುಕೊಂಡದ್ದು ಇದೇ ಹಾಡಿನಿಂದ.

ಎಲ್ಲ ಹಾಡೂ ಒಂದೇ ಎತ್ತರದಲ್ಲಿವೆ ಅಂತ ಹೇಳಲಾರೆ. ರೂಫಸ್ ಥಾಮಸ್‌ನ 'ವಾಕಿಂಗ್ ದಿ ಡಾಗ್' ಆಗಿನ ಪ್ರತಿ ಇಂಗ್ಲಿಷ್ ತಂಡವೂ ನುಡಿಸಿ ಸವೆಸಿದ ಹಾಡು, ಇವರು ಚೆನ್ನಾಗಿಯೇ ನುಡಿಸಿದ್ದಾರೆ, ಆದರೆ ಹೊಸದೇನೂ ಹೊಳೆದಿಲ್ಲ. 'ಚೆಕಿನ್ ಅಪ್ ಆನ್ ಮೈ ಬೇಬಿ' ಬ್ರಿಲೋನ ಮೌತ್ ಆರ್ಗನ್ನಿಗೋಸ್ಕರ ಕೇಳಿ. 'ಬ್ಯಾಕ್ ಇನ್ ದಿ ನೈಟ್' ಮಾತ್ರ ತಪ್ಪಿಸಬೇಡಿ, ಅದರಲ್ಲಿ ಬ್ರಿಲೋ ಸ್ಲೈಡ್ ಗಿಟಾರ್ (ತಂತಿ ಮೇಲೆ ಕೊಳವೆ ಜಾರಿಸಿ ನುಡಿಸುವುದು) ಹಿಡಿಯುತ್ತಾನೆ, ಅಷ್ಟು ಹೊತ್ತು ಒಂದೇ ಗಿಟಾರಿಗೆ ಒಗ್ಗಿದ್ದ ಕಿವಿಗೆ ಅದು ಬಾಗಿಲು ತೆರೆದ ಹಾಗೆ ಅನ್ನಿಸುತ್ತೆ. ಇನ್ನು 'ಐಯಾಮ್ ಎ ಹಾಗ್ ಫಾರ್ ಯು ಬೇಬಿ'. ಕೋಸ್ಟರ್ಸ್ ತಂಡದ 1959ರ ರೆಕಾರ್ಡಿನಲ್ಲೇ ಒಂದೇ ಸ್ವರದ ಗಿಟಾರ್ ಸೋಲೊ ಇತ್ತು. ವಿಲ್ಕೊ ಅದನ್ನು ಉಳಿಸಿಕೊಂಡ. ಅದೇ ಸ್ವರ, ಅದೇ ಸ್ವರ, ಮತ್ತೆ ಅದೇ ಸ್ವರ. ಇದೇನು ಸೋಲೊ ಅಂತ ಮೊದಲು ಅನ್ನಿಸಬಹುದು. ಸ್ವಲ್ಪ ತಾಳಿ. ಒತ್ತಡ ಹೇಗೆ ಏರುತ್ತೆ, ಜನ ಹೇಗೆ ಕೂಗುತ್ತಾರೆ ಕೇಳಿ. ಆಗ ಇಂಗ್ಲೆಂಡಿನಲ್ಲಿ ಒಂದು ನಿಮಿಷಕ್ಕೆ ಐನೂರು ಸ್ವರ ಉದುರಿಸುವ ಗಿಟಾರಿಸ್ಟುಗಳಿಗೆ ಬರ ಇರಲಿಲ್ಲ. ಒಂದೇ ಸ್ವರ ಇಟ್ಟುಕೊಂಡು ಸಭಾಂಗಣ ಎಬ್ಬಿಸುವ ಧೈರ್ಯ ಎಷ್ಟು ಜನಕ್ಕಿತ್ತು?

ಲೈವ್ ಆಲ್ಬಂ ಯಾಕೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದಕ್ಕೆ ಮುಂಚೆ ಇವರ ಎರಡು ಸ್ಟುಡಿಯೋ ಆಲ್ಬಂ ಬಂದಿದ್ದವು, ಎರಡೂ 1975ರಲ್ಲೇ. ಮೊದಲನೆಯದು 'ಡೌನ್ ಬೈ ದಿ ಜೆಟ್ಟಿ'. ಸ್ಟೀರಿಯೋ ಮನೆ ಮನೆಗೆ ಬಂದಾಗಿದ್ದ ಕಾಲದಲ್ಲಿ ಅದನ್ನು ಮೋನೊದಲ್ಲಿ, ಅಂದರೆ ಎಡ ಬಲ ಬೇರೆ ಮಾಡದೇ ಒಂದೇ ಸದ್ದಿನಲ್ಲಿ, ಬಿಡುಗಡೆ ಮಾಡಿದರು. ಅದರ ನಿರ್ಮಾಪಕ ವಿಕ್ ಮೇಲ್, ಮುಂದೆ ಮೋಟರ್‌ಹೆಡ್ ತಂಡದ 'ಏಸ್ ಆಫ್ ಸ್ಪೇಡ್ಸ್' ಮಾಡಿದ್ದೂ ಅವನೇ. ನನಗೆ ಆ ಆಲ್ಬಂ ತುಂಬಾ ಇಷ್ಟ, ಕಪ್ಪು ಬಿಳುಪು ಮುಖಪುಟದಷ್ಟೇ ಒಣಗಿದ ಸದ್ದು ಅದರದು. ಆದರೆ ಸ್ಟುಡಿಯೋದಲ್ಲಿ ಇಲ್ಲದ ಒಂದು ಅಂಶ ಜನ. ಇವರ ಸಂಗೀತ ಎದುರಿಗೆ ಜನ ಇದ್ದಾಗಲೇ ಪೂರ್ತಿ ಆಗುವುದು. 'ಸ್ಟುಪಿಡಿಟಿ'ಯ ಮೊದಲ ಬದಿ 1975ರ ಮೇ ತಿಂಗಳಲ್ಲಿ ಶೆಫೀಲ್ಡ್ ಸಿಟಿ ಹಾಲ್‌ನಲ್ಲಿ ನುಡಿಸಿದ್ದು, ಎರಡನೆಯದು ತಮ್ಮ ಊರ ಪಕ್ಕದ ಸೌತ್‌ಎಂಡ್‌ನಲ್ಲಿ. ಗಮನ ಇಟ್ಟು ಕೇಳಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತೆ. ಶೆಫೀಲ್ಡ್‌ನಲ್ಲಿ ಗೆಲ್ಲಬೇಕಾದ ಜನ, ಅಲ್ಲಿ ಆತುರ ಜಾಸ್ತಿ. ಸೌತ್‌ಎಂಡ್‌ನಲ್ಲಿ ಮನೆಗೆ ಬಂದವರ ಸಲಿಗೆ.

ಈ ಆಲ್ಬಂ 1976ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ತಿಂಗಳನ್ನು ನೆನಪಿಟ್ಟುಕೊಳ್ಳಿ. ಅದೇ ಅಕ್ಟೋಬರ್ 22ಕ್ಕೆ ಡ್ಯಾಮ್ಡ್ ತಂಡದ 'ನ್ಯೂ ರೋಸ್' ಬಂತು, ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಅಂತ ಅದನ್ನು ಎಣಿಸುತ್ತಾರೆ. ನವೆಂಬರ್ 26ಕ್ಕೆ ಸೆಕ್ಸ್ ಪಿಸ್ಟಲ್ಸ್‌ನ ಮೊದಲ ಸಿಂಗಲ್. ಅಂದರೆ ಪಂಕ್ ಬಾಗಿಲು ಒದ್ದು ಒಳಗೆ ಬರುವ ಕೆಲವೇ ದಿನ ಮುಂಚೆ ಇವರು ಬಾಗಿಲಿನ ಚಿಲಕ ತೆಗೆದಿಟ್ಟಿದ್ದರು. 'ನ್ಯೂ ರೋಸ್' ಹೊರತಂದ ಸ್ಟಿಫ್ ರೆಕಾರ್ಡ್ಸ್ ಕಂಪನಿ ಹುಟ್ಟಿದ್ದು ಹೇಗೆ ಗೊತ್ತಾ? ಡೇವ್ ರಾಬಿನ್ಸನ್ ಮತ್ತು ಜೇಕ್ ರಿವಿಯೆರಾ ಅದನ್ನು ಶುರು ಮಾಡಿದ್ದು 400 ಪೌಂಡ್ ಸಾಲದಿಂದ. ಆ ಸಾಲ ಕೊಟ್ಟವನು ಲೀ ಬ್ರಿಲೋ. ರಿವಿಯೆರಾ ಮುಂಚೆ ಫೀಲ್‌ಗುಡ್ ತಂಡದ ಪ್ರವಾಸದ ಉಸ್ತುವಾರಿ ನೋಡಿಕೊಂಡವನು.

ನಿಮ್ಮ ಪ್ರೀತಿಯ ತಂಡಗಳಿಗೆ ಬಂದರೆ ನಂಟು ಇನ್ನೂ ಹತ್ತಿರದ್ದು. ಕ್ಲ್ಯಾಶ್‌ಗೆ ಮುಂಚೆ ಜೋ ಸ್ಟ್ರಮರ್ 101ಅರ್ಸ್ ಅನ್ನುವ ಪಬ್ ರಾಕ್ ತಂಡದಲ್ಲಿದ್ದ. ಟೆಲಿಕಾಸ್ಟರ್ ಕೊಂಡದ್ದು ವಿಲ್ಕೊನನ್ನು ನೋಡಿದ ಮೇಲೆ. 1976ರ ಏಪ್ರಿಲಿನಲ್ಲಿ ನ್ಯಾಶ್‌ವಿಲ್ ಪಬ್‌ನಲ್ಲಿ ಆ 101ಅರ್ಸ್‌ಗೆ ಮುಂಚೆ ವೇದಿಕೆ ಹತ್ತಿದವರು ಸೆಕ್ಸ್ ಪಿಸ್ಟಲ್ಸ್. ಜ್ಯಾಮ್ ತಂಡದ ಪಾಲ್ ವೆಲ್ಲರ್, ಗ್ಯಾಂಗ್ ಆಫ್ ಫೋರ್‌ನ ಆಂಡಿ ಗಿಲ್ ಇಬ್ಬರೂ ವಿಲ್ಕೊನ ಋಣ ಒಪ್ಪಿಕೊಂಡವರು. ಅಟ್ಲಾಂಟಿಕ್ ಆಚೆಗೂ ಇದು ಹೋಗಿತ್ತು. ಬ್ಲಾಂಡಿ ತಂಡದ ಡ್ರಮ್ಮರ್ ಕ್ಲೆಮ್ ಬರ್ಕ್ ಲಂಡನ್‌ಗೆ ಬಂದಿದ್ದಾಗ ಇವರ ಆಲ್ಬಂ ಒಂದನ್ನು ಕೊಂಡು ನ್ಯೂಯಾರ್ಕ್‌ಗೆ ಒಯ್ದ, ಅಲ್ಲಿನ ಗೆಳೆಯರ ಗುಂಪು ಅದನ್ನು ಹಾಕಿ ಹಾಕಿ ಕೇಳಿತು. ನೀವು ಕ್ಲ್ಯಾಶ್‌ನಲ್ಲಿ ಇಷ್ಟಪಡುವ ಆ ಗಿಟಾರಿನ ಕಡಿತ, ಆ ಆತುರ, ಕೂದಲು ಕತ್ತರಿಸಿಕೊಂಡು ಹಲ್ಲು ಕಚ್ಚಿ ನಿಂತ ಆ ಭಂಗಿ, ಎಲ್ಲವೂ ಇಲ್ಲಿ ಮುಂಚೆಯೇ ಇದೆ. ಪಂಕ್ ಹುಡುಗರು ಇದಕ್ಕೆ ತಮ್ಮ ಸಿಟ್ಟು, ತಮ್ಮ ರಾಜಕೀಯ ಸೇರಿಸಿದರು. ಅದಾದ ಮೇಲೆ ಅದು ಬೇರೆಯದೇ ಆಯಿತು, ಅದೂ ದೊಡ್ಡದೇ.

ಮುಂದಿನ ಕತೆ ಬೇಗ ಹೇಳಿಬಿಡುತ್ತೇನೆ, ಅದು ಬೇಸರದ್ದು. ಎಲ್ಲ ಹಾಡೂ ವಿಲ್ಕೊನೇ ಬರೆಯಬೇಕು ಅನ್ನುವ ಭಾರ, ತಂಡದೊಳಗಿನ ದೂರ, ಜಗಳ. 1977ರಲ್ಲಿ ನಾಲ್ಕನೇ ಆಲ್ಬಂ ರೆಕಾರ್ಡ್ ಆಗುತ್ತಿದ್ದಾಗಲೇ ಅವನು ಹೊರಬಿದ್ದ. ಬ್ರಿಲೋ ತಂಡವನ್ನು ನಡೆಸಿದ, 1979ರಲ್ಲಿ ಹಾಡುಗಾರ ನಿಕ್ ಲೋ ಜೊತೆ ಸೇರಿ ಹೊಸ ಗಿಟಾರಿಸ್ಟ್ ಜಿಪಿ ಮೇಯೊ ಬರೆದ 'ಮಿಲ್ಕ್ ಅಂಡ್ ಆಲ್ಕೊಹಾಲ್' ಹಿಟ್ ಕೂಡ ಆಯಿತು. ಬ್ರಿಲೋ 1994ರಲ್ಲಿ ತೀರಿಕೊಂಡ, ವಯಸ್ಸು ಬರೀ 41. ವಿಲ್ಕೊಗೆ 2012ರ ಕೊನೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಗೊತ್ತಾಯಿತು. ಕೀಮೋ ಬೇಡ ಅಂದು ವಿದಾಯದ ಕಾರ್ಯಕ್ರಮಗಳಿಗೆ ಹೊರಟ. ಸಂಗೀತ ಕಾರ್ಯಕ್ರಮಗಳ ಫೋಟೊ ತೆಗೆಯುವ ವೈದ್ಯರೊಬ್ಬರು ಅವನನ್ನು ನೋಡಿ, ಇಷ್ಟು ಹೊತ್ತಿಗೆ ಇವನು ಬದುಕಿರಬಾರದಲ್ಲ ಅಂತ ಸಂಶಯಪಟ್ಟು ಮತ್ತೆ ಪರೀಕ್ಷೆ ಮಾಡಿಸಿದರು. ಕೇಂಬ್ರಿಡ್ಜ್‌ನಲ್ಲಿ ಶಸ್ತ್ರಚಿಕಿತ್ಸೆ ಆಗಿ 3 ಕೆಜಿಯ ಗೆಡ್ಡೆ ತೆಗೆದರು. ಆಮೇಲೆ ಎಂಟು ವರ್ಷ ನುಡಿಸಿ, 2022ರ ನವೆಂಬರಿನಲ್ಲಿ ತೀರಿಕೊಂಡ. ಇವರೆಲ್ಲರ ಕತೆ ಬೇಕಿದ್ದರೆ ಜೂಲಿಯನ್ ಟೆಂಪಲ್ ಮಾಡಿದ 'ಆಯಿಲ್ ಸಿಟಿ ಕಾನ್ಫಿಡೆನ್ಶಿಯಲ್' ಸಾಕ್ಷ್ಯಚಿತ್ರ ನೋಡಿ, ಕ್ಯಾನ್ವೀಯ ಗೋಡೆ, ಟ್ಯಾಂಕು, ಜೆಟ್ಟಿ ಎಲ್ಲ ಅದರಲ್ಲಿದೆ.

ಇದು ಹಿಡಿಸಿದರೆ ಮುಂದೆ 'ಡೌನ್ ಬೈ ದಿ ಜೆಟ್ಟಿ'ಗೆ ಹೋಗಿ, ಮೋನೊ ಪ್ರತಿಯನ್ನೇ ಹುಡುಕಿ. ಆಮೇಲೆ ಇದೇ ಎಸೆಕ್ಸ್‌ನ ಇನ್ನೊಂದು ತಂಡ ಎಡ್ಡಿ ಅಂಡ್ ದಿ ಹಾಟ್ ರಾಡ್ಸ್, ಅವರದು ಇನ್ನೂ ವೇಗ, ಪಂಕ್‌ಗೆ ಇನ್ನೂ ಪಕ್ಕ. ಮಾತಿನ ರುಚಿ ಬೇಕಿದ್ದರೆ ಇಯಾನ್ ಡ್ಯೂರಿಯ 1977ರ ಆಲ್ಬಂ 'ನ್ಯೂ ಬೂಟ್ಸ್ ಅಂಡ್ ಪ್ಯಾಂಟೀಸ್'. ಗ್ರಹಾಂ ಪಾರ್ಕರ್‌ನ 'ಹೌಲಿನ್ ವಿಂಡ್' ಕೂಡ ಒಳ್ಳೆಯದು, ಆದರೆ ಅದು ಬೇರೆ ದಾರಿ, ಅವಸರ ಇಲ್ಲ.

ನೀವು ಗಿಟಾರ್ ನುಡಿಸುತ್ತೇನೆ ಅಂದಿದ್ದರಿಂದ ಕೊನೆಗೆ ಇದೊಂದು. ಪಿಕ್ ಕೆಳಗಿಡಿ. ಡಿಸ್ಟಾರ್ಷನ್ ತೆಗೆಯಿರಿ. ಮೆಟ್ರೊನೋಮ್ ನಿಧಾನಕ್ಕೆ ಹಾಕಿಕೊಂಡು, ಒಂದೇ ಕಾರ್ಡ್ ಇಟ್ಟುಕೊಂಡು, ಬಲಗೈಯನ್ನು ಮಣಿಕಟ್ಟಿನಿಂದ ಮೇಲೆ ಕೆಳಗೆ ನಿಲ್ಲಿಸದೇ ಆಡಿಸಿ. ಎಡಗೈ ಬೆರಳನ್ನು ತಂತಿಯಿಂದ ಎತ್ತಬೇಡಿ, ಸಡಿಲ ಮಾಡಿ ಅಷ್ಟೆ, ಪೂರ್ತಿ ಎತ್ತಿದರೆ ತಂತಿ ಝೇಂಕರಿಸಿ ಎಲ್ಲ ಹಾಳಾಗುತ್ತೆ. ಮೊದಮೊದಲು ನಾಲ್ಕು ಏಟಿನಲ್ಲಿ ಒಂದು ಮಾತ್ರ ಸ್ವರ, ಮೂರು 'ಚಕ್'. ಅದು ಸಲೀಸಾದ ಮೇಲೆ ಆ ಒಂದು ಸ್ವರದ ಜಾಗ ಬದಲಿಸುತ್ತಾ ಹೋಗಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ಡ್ರಮ್ಸ್ ಇಲ್ಲದೆಯೂ ನಿಮ್ಮ ಕಾಲು ತಾಳ ಹಾಕುತ್ತಿದ್ದರೆ ಸರಿಯಾಗಿ ಬರುತ್ತಿದೆ ಅಂತ ಅರ್ಥ, ಆಮೇಲೆ 'ಶಿ ಡಸ್ ಇಟ್ ರೈಟ್' ಜೊತೆಗೆ ನುಡಿಸಿ ನೋಡಿ. ಉಗುರು ಸವೆದು ಉರಿದರೆ ಒಂದೆರಡು ದಿನ ಬಿಟ್ಟು ಮತ್ತೆ ಹಿಡಿಯಿರಿ.